ತಮ್ಮನಿಗೆ ಮಗಳನ್ನು ಕೊಡದ ಹೊಳಿಯಮ್ಮ

ಯಲಬುರ್ಗಾದ ಖಾನಾವಳಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ರೊಟ್ಟಿ ಬಡಿಯುವ ಹೊಳಿಯಮ್ಮ ಗೋಡೆ ಸವರುತ್ತ ಒಳಗೆ ಬರುತ್ತಾರೆ. ಮಾಲಕಿ ಗುರುಲಿಂಗಮ್ಮ ದೀಪ ಹಾಕುವಷ್ಟರಲ್ಲಿ ಬೆಕ್ಕಿನ ಬಾಲ ತುಳಿದಾಗಿದೆ.

"ದಿನಾ ಅದರ ಬಾಲಾನ ಬೇಕೇನವಾ ನಿನಗ?"

"ಮುಂದ ಬಂದು ಕುಂದ್ರಂತ ಅದಕ್ಕ ಹೇಳ್ರಿ ಅಕ್ಕಾರ. ಬಾಜೂಕ ಕುಂತ್ರ ನನಗೆಲ್ಲಿ ಕಾಣ್ತೈತಿ?"

ನಲವತ್ತೊಂದರ ಹೊಳಿಯಮ್ಮನಿಗೆ ಕಾಣುವುದು ನೇರ ಮುಂದಿನದು ಮಾತ್ರ, ಕೊಳವೆಯೊಳಗಿಂದ ನೋಡಿದ ಹಾಗೆ. ಕೈಯಡಿಯ ರೊಟ್ಟಿ ದುಂಡಗೆ ಬರುತ್ತದೆ. ಪಕ್ಕದ ತಂಬಿಗೆಗೆ ತಡಕಾಡಬೇಕು. ಮಧ್ಯಾಹ್ನದೊಳಗೆ ಇನ್ನೂರು ರೊಟ್ಟಿ.

ಗಂಡನ ಮನೆಯವರು ಇದನ್ನು ಸೋಗು ಎಂದರು. ಊರವರು ದೇವಿಯ ಮುನಿಸು ಎಂದರು. ಕಣ್ಣಿನ ತಪಾಸಣೆಯಲ್ಲಿ ಕೊನೆಯ ಸಾಲಿನವರೆಗೂ ಅಕ್ಷರ ಓದಿದ್ದಕ್ಕೆ, "ನಿನಗೇನಾಗೈತಿ? ನಡಿ" ಎಂದು ಡಾಕ್ಟರು ಕಳಿಸಿದರು. ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡು ಹೊರಬಂದವರನ್ನು ಯಾರೂ ಹಿಂದಕ್ಕೆ ಕರೆಯಲಿಲ್ಲ.

ಹೋದ ವರ್ಷ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಅವರ ಮತ್ತು ತಮ್ಮ ಗಾಳೇಶನ ರಕ್ತ ಪರೀಕ್ಷೆಯಾಯಿತು. ಸಿಎನ್‌ಜಿಬಿ1 ಎಂಬ ವಂಶವಾಹಿಯಲ್ಲಿ ದೋಷ. ಒಬ್ಬರಿಂದಷ್ಟೇ ಬಂದರೆ ಅದು ಸದ್ದಿಲ್ಲದೆ ಇರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮೊದಲು ಇರುಳುಗಣ್ಣು, ಆಮೇಲೆ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬರುತ್ತದೆ. ಹೊಳಿಯಮ್ಮನ ತಾಯಿ ಸೋದರಮಾವನನ್ನೇ ಮದುವೆಯಾದವರು; ಒಂದೇ ಮನೆತನದ ದೋಷ ಇಬ್ಬರಿಂದಲೂ ಹೊಳಿಯಮ್ಮನಿಗೆ ಬಂತು. ದೋಷ ಗಾಳೇಶನಲ್ಲೂ ಅಡಗಿದೆ, ತಾಯಿಯಿಂದ ಬಂದು ಹೊಳಿಯಮ್ಮನ ಮಗಳು ಸಹನಾಳಲ್ಲೂ ಅಡಗಿದೆ. ಅವರಿಬ್ಬರು ಮದುವೆಯಾದರೆ ಹುಟ್ಟುವ ನಾಲ್ಕು ಕೂಸುಗಳಲ್ಲಿ ಒಂದರ ಕಣ್ಣು ಹೋಗಬಹುದು.

ಇಷ್ಟು ಗೊತ್ತಿದ್ದೂ ಯುಗಾದಿಯ ಮರುದಿನ ತವರಿನ ಹಿರಿಯರು ಸಹನಾಳನ್ನು ಗಾಳೇಶನಿಗೆ ಕೇಳಲು ಬಂದರು. ಕಣ್ಣು ಸರಿಹೋಗಲೆಂದು ಹೊಳಿಯಮ್ಮನಿಂದ ದೇವಿಗೆ ಹರಕೆ ಹೊರಿಸಿದವರೂ ಇವರೇ. ಕೂಸಿನ ಕಣ್ಣು ಹೋದರೆ ನಾಳೆ ಹಡೆದವಳನ್ನು ಬೈಯುವವರೂ ಇವರೇ.

"ಯಕ್ಕಾ, ನನ್ನ ಕಣ್ಣು ಛಲೋ ಅದಾವಲ್ಲ?" ಎಂದ ಗಾಳೇಶ.

"ಅಪ್ಪಂದೂ ಛಲೋ ಇದ್ವು, ಅವ್ವಂದೂ ಛಲೋ ಇದ್ವು. ನನ್ನ ನೋಡು."

"ಸ್ವಾದರಮಾವನ ಹಕ್ಕು ತಪ್ಪಸ್ತೀಯೇನ?" ಹಿರಿಯನೊಬ್ಬ ಗದರಿದ.

"ಹಕ್ಕು ನಿಮ್ದು, ಕುರುಡು ನಮ್ದು ಏನ್ರಿ?"

ತಂದ ಎಲೆ ಅಡಿಕೆ ಹಾಗೇ ವಾಪಸು ಹೋಯಿತು. ಅಂದಿನಿಂದ ತವರಿನ ಬಾಗಿಲು ಮುಚ್ಚಿದೆ. ಗಾಳೇಶ ಖಾನಾವಳಿಯ ಮುಂದೆಯೇ ಹಾದು ಹೋದರೂ ಅಕ್ಕನನ್ನು ಮಾತಾಡಿಸುವುದಿಲ್ಲ.

ಹೊಳಿಯಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾರೆ.

"ತಮ್ಮನ ಸಿಟ್ಟು ಒಂದಿನ ಇಳಿತೈತ್ರಿ ಅಕ್ಕಾರ. ಸಹನಾನ ಮಕ್ಕಳು ಹೊತ್ತು ಮುಣುಗಿದ ಮ್ಯಾಲೂ ಅಂಗಳದಾಗ ಆಡ್ಲಿ. ನಾ ಒಂದಿನಾನೂ ಆಡ್ಲಿಲ್ಲ."