ಮಡಿಲಿಗೆ ಬಾರದ ಪಾಪು

ಎದುರಿಗೆ ಬೀದಿ ನಲ್ಲಿ, ಪಕ್ಕದಲ್ಲಿ ಸೈಕಲ್ ರಿಪೇರಿಯ ಅಂಗಡಿ, ನಡುವೆ ಹಸಿರು ಬಾಗಿಲಿನ ಒಂದು ಮನೆ. ಆ ಮನೆಯ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಬೀದಿಯವರನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ದೊಡ್ಡವರಿಗೂ ಚಿಕ್ಕವರಿಗೂ ಅವಳು ಟೈಲರಮ್ಮ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಮಿಷನ್, ಅದರ ಪಕ್ಕ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚೂರುಬಟ್ಟೆಯ ಮೂಟೆ. ಹಿಂದೆ ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡಂತೆ ಅಡುಗೆಮನೆ. ಅಷ್ಟರಲ್ಲೇ ಅವಳು, ಬಸ್ಸು ಓಡಿಸುವ ಗಂಡ, ಬಾಯಿಗೆ ಬೀಗವಿಲ್ಲದ ಅತ್ತೆ ಮತ್ತು ಎರಡೂವರೆ ವರ್ಷದ ಮಗಳು ಬದುಕುತ್ತಿದ್ದರು.

ಮಗಳಿಗೆ ಹೆಸರೇನೋ ಚೆನ್ನಾಗಿಯೇ ಇಟ್ಟಿದ್ದರು. ಇಟ್ಟ ದಿನ ಕರೆದದ್ದೇ ಕೊನೆ. ಆಮೇಲೆ ಅಪ್ಪನಿಗೆ ಅವಳು ಪಾಪು, ಅಜ್ಜಿಗೆ ಪಾಪು, ಸೈಕಲ್ ಅಂಗಡಿಯವನಿಗೂ ಪಾಪು. ಮಾತು ಬಂದ ಮೇಲೆ ಅವಳೂ ತನ್ನನ್ನು ಹಾಗೇ ಕರೆದುಕೊಂಡಳು. "ಪಾಪುಗೆ ನೀರು," "ಪಾಪು ಬಿದ್ಲು," "ಪಾಪು ಮಾಡಿಲ್ಲ, ಬೆಕ್ಕು ಮಾಡಿದ್ದು."

ಟೈಲರಮ್ಮನಿಗೆ ಮಗಳೆಂದರೆ ಜೀವ. ಕಾಲರ್ ಕೂರಿಸುತ್ತಿದ್ದವಳು ಏನು ತೋಚುತ್ತಿತ್ತೋ, ಮಿಷನ್ ನಿಲ್ಲಿಸಿ, ಮಗಳನ್ನು ಎತ್ತಿ ಮೇಜಿನ ಮೇಲೆ ಮಲಗಿಸಿ, ಅವಳ ಹೊಟ್ಟೆಗೆ ಮೂತಿ ಒತ್ತಿ, "ತಿಂದ್ಬಿಡ್ತೀನಿ ನಿನ್ನ! ಗುಳುಂ!" ಅನ್ನುತ್ತಿದ್ದಳು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಆ ನಗು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೂ ಕೇಳಿಸುತ್ತಿತ್ತು.

ಟೈಲರಮ್ಮ ಮತ್ತೆ ಬಸುರಿಯಾದಳು. ಏಳು ತಿಂಗಳು ತುಂಬುವ ಹೊತ್ತಿಗೆ ಶಾಲೆಗಳು ಶುರುವಾಗುವ ಕಾಲ ಬಂತು. ಮೇಜಿನ ಮೇಲೆ ಯೂನಿಫಾರಂ ಬಟ್ಟೆ ಗುಡ್ಡೆ ಬಿದ್ದಿತ್ತು. ಹೊಟ್ಟೆ ಮಿಷನ್ನಿಗೆ ತಾಗುತ್ತಿದ್ದುದರಿಂದ ಸ್ಟೂಲನ್ನು ಹಿಂದೆ ಎಳೆದುಕೊಂಡು, ಕೈ ಚಾಚಿ ಚಾಚಿ ಹೊಲಿಯಬೇಕಿತ್ತು. ಸಂಜೆಯಾದರೆ ಬೆನ್ನು ನನ್ನದಲ್ಲ ಅನ್ನುವಂತಿರುತ್ತಿತ್ತು. ಪಾಪುಗೂ ಕೆಲಸವಿತ್ತು. ಒಂದು ಅಯಸ್ಕಾಂತ ಹಿಡಿದು ನೆಲದ ತುಂಬ ಹರಿದಾಡಿ, ಬಿದ್ದ ಗುಂಡುಪಿನ್ನುಗಳನ್ನು ಹುಡುಕಿ ತಂದುಕೊಡುವುದು.

ಅಂಥದೊಂದು ಬೆಳಿಗ್ಗೆ ಪಾಪು ನೆಲದಿಂದ ತಲೆ ಎತ್ತಿ, ಅಮ್ಮನ ಹೊಟ್ಟೆಗೆ ಬೆರಳು ತೋರಿಸಿ, "ಏನಿದು?" ಎಂದು ಕೇಳಿದಳು.

ಟೈಲರಮ್ಮನ ತುಟಿಗಳ ನಡುವೆ ಐದಾರು ಪಿನ್ನುಗಳಿದ್ದವು. ಲಂಗದ ನೆರಿಗೆ ಹಿಡಿಯುವಾಗ ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಳ್ಳುವುದು ಅವಳ ರೂಢಿ. ಆಗ ಮನೆಗೆ ಬೆಂಕಿ ಬಿದ್ದರೂ ಬಾಯಿ ಬಿಡುವಂತಿಲ್ಲ. ಅವಳು "ಮ್ಞ್" ಎಂದಳು. ಉತ್ತರ ಅಡುಗೆಮನೆಯಿಂದ ಬಂತು.

"ಅದರೊಳಗೆ ಪಾಪು ಇದೆ ಕಣೇ!" ಎಂದರು ಅತ್ತೆ. "ನಿಮ್ಮಮ್ಮ ಗುಳುಂ ಅಂತ ನುಂಗಿಬಿಟ್ಲು!"

ಟೈಲರಮ್ಮನಿಗೆ ನಗು ಬಂತು. ತುಟಿ ತೆರೆಯದೆಯೇ, ಪಿನ್ನುಗಳು ಅಲ್ಲಾಡುವಂತೆ, ಮೂಗಿನಲ್ಲೇ ನಕ್ಕಳು. ಪಾಪು ಆ ಬಾಯನ್ನು ನೋಡಿದಳು, ಹೊಟ್ಟೆಯನ್ನು ನೋಡಿದಳು. ಅಯಸ್ಕಾಂತವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಅವತ್ತಿನಿಂದ ಅವಳು ಅಮ್ಮನ ಹತ್ತಿರ ಬರಲಿಲ್ಲ.

ಮೊದಲ ದಿನ ಯಾರಿಗೂ ಗೊತ್ತಾಗಲಿಲ್ಲ. ಮಾರನೆಯ ದಿನ ಟೈಲರಮ್ಮ ಎಂದಿನಂತೆ ಕೈ ಚಾಚಿ, "ಬಾರೇ, ತಿಂದ್ಬಿಡ್ತೀನಿ!" ಎಂದದ್ದೇ ತಡ, ಮಗು ಕಿಟಾರನೆ ಕಿರುಚಿ ಅಜ್ಜಿಯ ಹಿಂದೆ ಅಡಗಿತು. ಊಟಕ್ಕೆ ಅಜ್ಜಿಯ ತೊಡೆ ಬೇಕು, ಮಲಗಲು ಅಜ್ಜಿಯ ಆಚೆ ಬದಿ ಬೇಕು. ಮುಖ ತೊಳೆಸುವುದು ಅಪ್ಪ, ಅಂಗಿ ಹಾಕುವುದು ಅಪ್ಪ. ಅಮ್ಮ ಮುಂದಿನ ಕೋಣೆಯಲ್ಲಿದ್ದರೆ ತಾನು ಬಾಗಿಲಲ್ಲಿ. ಅಮ್ಮ ಬಾಗಿಲಿಗೆ ಬಂದರೆ ತಾನು ಅಡುಗೆಮನೆಯಲ್ಲಿ.

ಹೇಳುವವರಿಗೇನು ಬರವೇ? ಬೀದಿಗೊಬ್ಬ ವೈದ್ಯ.

"ಹೊಟ್ಟೆಕಿಚ್ಚು ಕಣೇ ಅದಕ್ಕೆ," ಎಂದಳು ನಲ್ಲಿಯ ಹತ್ತಿರ ಒಬ್ಬಾಕೆ. "ಇನ್ನೊಂದು ಬರೋದು ವಾಸನೆ ಹತ್ತಿರುತ್ತೆ."

"ಹೆಣ್ಣುಮಕ್ಕಳು ಎರಡು ವರ್ಷ ಆದ್ಮೇಲೆ ಅಪ್ಪನ ಪಾರ್ಟಿ, ಬಿಡಮ್ಮ," ಎಂದ ಸೈಕಲ್ ಅಂಗಡಿಯವನು. ಅವನಿಗೆ ಮೂವರು ಗಂಡುಮಕ್ಕಳು.

ಗಂಡ ಹೆಚ್ಚು ಮಾತಿನವನಲ್ಲ. "ದಿನಾ ಬಸ್ ತುಂಬ ಜನರನ್ನ ಕರ್ಕೊಂಡು ಹೋಗಿ ಬಿಡ್ತೀನಿ. ಇವಳೊಬ್ಬಳನ್ನ ಈ ಕೋಣೆಯಿಂದ ಆ ಕೋಣೆಗೆ ತಂದು ಬಿಡೋಕೆ ಆಗ್ತಿಲ್ವಲ್ಲ ನಂಗೆ," ಎಂದು ತಲೆ ಕೆರೆದುಕೊಂಡ.

ಟೈಲರಮ್ಮ ಎಲ್ಲರ ಮಾತಿಗೂ ಹೂಂ ಅನ್ನುತ್ತಿದ್ದಳು. ಒಳಗೆ ಮಾತ್ರ ಅವಳಿಗೆ ಬೇರೆಯದೇ ಭಯ. ಅದಕ್ಕೆ ಕಾರಣವಿತ್ತು. ಅವಳು ಚಿಕ್ಕವಳಿದ್ದಾಗ ತಮ್ಮ ಹುಟ್ಟಿದ. ತಾಯಿ ಚೇತರಿಸಿಕೊಳ್ಳಲಿ ಎಂದು ಇವಳನ್ನು ಚಿಕ್ಕಮ್ಮನ ಮನೆಗೆ ಕಳಿಸಿದರು. ನಾಲ್ಕು ದಿನ ಎಂದಿದ್ದರು. ನಾಲ್ಕು ದಿನ ತಿಂಗಳಾಯಿತು, ತಿಂಗಳು ವರ್ಷವಾಯಿತು, ಆಮೇಲೆ ಯಾರೂ ಆ ಮಾತೇ ಎತ್ತಲಿಲ್ಲ. ಚಿಕ್ಕಮ್ಮ ಕೆಟ್ಟವಳಲ್ಲ. ಹೊಟ್ಟೆ ತುಂಬ ಊಟ ಹಾಕಿದಳು, ಹತ್ತಿರ ಕೂರಿಸಿಕೊಂಡು ಹೊಲಿಗೆ ಕಲಿಸಿದಳು. ಇವತ್ತಿನ ಅನ್ನ ಆ ವಿದ್ಯೆಯದೇ. ಆದರೆ ಹೆತ್ತ ತಾಯಿಯ ಮನೆಗೆ ಹೋದರೆ ಕುಡಿಯುವ ನೀರನ್ನೂ ಕೇಳಿಯೇ ತೆಗೆದುಕೊಳ್ಳುವ ಅಭ್ಯಾಸ ಅವಳಿಗೆ ಇವತ್ತಿಗೂ ಹೋಗಿಲ್ಲ. ತನ್ನ ಮಗಳಿಗೆ ತನ್ನ ಮನೆ ಹಾಗೆ ಆಗಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು.

ವಿಷಯ ಹಿಡಿದದ್ದು ಮಾತ್ರ ಅದೇ ದಾರಿ. ಅತ್ತೆ ಒಂದು ದಿನ ಮೆಲ್ಲಗೆ ಮಾತು ತೆಗೆದರು.

"ನೋಡೇ, ಮಗು ನಿನ್ನ ಹತ್ರ ಬರ್ತಿಲ್ಲ. ನನಗೆ ಮಂಡಿ ನೋವು, ದಿನವಿಡೀ ಹೊತ್ಕೊಂಡು ತಿರುಗೋಕಾಗಲ್ಲ. ಹೆರಿಗೆ ಆಗೋ ತನಕ ನನ್ನ ಮಗಳ ಮನೇಲಿರಲಿ. ನಾಲ್ಕು ದಿನದ ಮಾತು."

ನಾಲ್ಕು ದಿನ ಎಂಬ ಮಾತು ಕೇಳಿ ಟೈಲರಮ್ಮನ ಕಾಲು ಮಿಷನ್ನಿನ ಪೆಡಲ್ ಮೇಲೆ ಹಾಗೇ ನಿಂತಿತು. ಬೇಡ ಅನ್ನಬೇಕು ಅನ್ನಿಸಿತು. ಬೇಡ ಅಂದರೆ ಮಗುವನ್ನು ನೋಡಿಕೊಳ್ಳುವುದು ಯಾರು? ಹತ್ತಿರ ಹೋದರೆ ಓಡುವ ಮಗುವನ್ನು ಯಾವ ಮುಖ ಇಟ್ಟುಕೊಂಡು ಇಲ್ಲೇ ಇರಲಿ ಅನ್ನುವುದು?

"ಭಾನುವಾರ ಬಂದು ಕರ್ಕೊಂಡು ಹೋಗಲಿ," ಎಂದಳು.

ಭಾನುವಾರ ನಾದಿನಿ ಬಂದಳು. ಡ್ರೈವರನ ಅಕ್ಕ, ಬೇಕರಿಯೊಂದರಲ್ಲಿ ಬ್ರೆಡ್ ಕಟ್ಟುವ ಕೆಲಸ, ಮಾತಿನಲ್ಲಿ ತಾಯಿಗೆ ತಕ್ಕ ಮಗಳು. ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲೇ ಪಾಪು ಬೂಟು ಹಾಕಿಕೊಂಡು ತಯಾರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಹೊಸ್ತಿಲ ಹತ್ತಿರ ನಿಂತಿದ್ದಳು.

"ಅಬ್ಬಾ, ಏನೇ ನಿನ್ನ ಅವಸರ! ಒಂದು ಲೋಟ ನೀರಾದ್ರೂ ಕುಡಿಯೋಕೆ ಬಿಡೇ ನನ್ನ."

"ಹೋಗೋಣ," ಎಂದಳು ಪಾಪು.

ಟೈಲರಮ್ಮ ಮಿಷನ್ನಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದಳು. ಹಾಕಿದ ಗುಂಡಿಯ ಮೇಲೇ ಮತ್ತೆ ಮತ್ತೆ ದಾರ ಸುತ್ತುತ್ತಿದ್ದಳು.

ನಾದಿನಿಗೆ ಅದು ಕಾಣಿಸಿತು. "ಹೋಗೋಣ ಕಣೇ. ಮೊದಲು ಅಮ್ಮಂಗೆ ಒಂದು ಮುತ್ತು ಕೊಟ್ಟು ಬಾ," ಎಂದಳು.

"ಬೇಡ."

"ಯಾಕೇ? ಅಮ್ಮ ಹೊಡೀತಾಳಾ?"

"ಇಲ್ಲ."

"ಬೈತಾಳಾ?"

"ಇಲ್ಲ. ಅಮ್ಮ ಗುಳುಂ."

"ಏನು ಗುಳುಂ?"

ಪಾಪು ಚೀಲ ಕೆಳಗಿಟ್ಟಳು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಈಗ ಕೇಳಿದ್ದರು. ಅಮ್ಮನ ಹೊಟ್ಟೆಗೆ ಬೆರಳು ತೋರಿಸಿದಳು. "ಪಾಪು ಗುಳುಂ. ಅಲ್ಲಿ ಕತ್ತಲೆ." ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, "ಈ ಪಾಪು ಹೋಗಲ್ಲ ಒಳಗೆ," ಎಂದಳು.

ಬೂಟಿಗೆ ಪಾಲಿಶ್ ಹಾಕುತ್ತಿದ್ದ ಡ್ರೈವರ್ ಬ್ರಷ್ ಕೆಳಗಿಟ್ಟ.

ಮಗುವಿನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ತಿಂದುಬಿಡುತ್ತೇನೆ ಎಂದು ಅಮ್ಮ ದಿನಾ ಹೇಳುತ್ತಿದ್ದಳು. ನುಂಗಿಬಿಟ್ಟಳು ಎಂದು ಅಜ್ಜಿ ಸಾಕ್ಷಿ ಹೇಳಿದ್ದರು. ಪಾಪು ಎಂಬುದು ತನ್ನ ಹೆಸರು. ಅಮ್ಮನ ಹೊಟ್ಟೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು.

ನಾದಿನಿ ಅಡುಗೆಮನೆಯ ಕಡೆ ತಿರುಗಿದಳು. "ಅಮ್ಮಾ! ನಿನ್ನದೇ ತಾನೆ ಈ ಕೆಲಸ?"

"ತಮಾಷೆಗೆ ಅಂದಿದ್ದು ಕಣೇ," ಎಂದರು ಅತ್ತೆ, ಸೌಟು ಹಿಡಿದು ಬಾಗಿಲಿಗೆ ಬಂದು. "ನಿನ್ನ ತಮ್ಮ ಹೊಟ್ಟೇಲಿದ್ದಾಗ ನಿಂಗೂ ಹಾಗೇ ಹೇಳಿದ್ದೆ. ನೀನು ನಂಬಿದ್ಯಾ?"

"ನಂಬಿದ್ದೆ! ಒಂದು ವರ್ಷ ನಿನ್ನ ಪಕ್ಕ ಊಟಕ್ಕೆ ಕೂತಿರಲಿಲ್ಲ ನಾನು! ನಿಂಗೆ ಗೊತ್ತೇ ಆಗಲಿಲ್ಲ!"

ಟೈಲರಮ್ಮ ಒಂದು ಕಡೆ ನಗುತ್ತಿದ್ದಳು, ಒಂದು ಕಡೆ ಕಣ್ಣಲ್ಲಿ ನೀರು. ಓಡಿಹೋಗಿ ಮಗಳನ್ನು ಬಾಚಿ ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿದರೆ ಕೆಟ್ಟಿತು. ಅವಳು ಕೂತಲ್ಲಿಂದ ಮೆಲ್ಲಗೆ ಕೆಳಗಿಳಿದು, ನೆಲದ ಮೇಲೆ, ಮಗುವಿನಿಂದ ಒಂದು ಮಾರು ದೂರದಲ್ಲಿ ಕೂತಳು. ಕುತ್ತಿಗೆಯಲ್ಲಿದ್ದ ಅಳತೆಯ ಟೇಪನ್ನು ತೆಗೆದು, ಬಾಯಿ ಅಗಲವಾಗಿ ತೆರೆದು, ಅಡ್ಡಲಾಗಿ ಟೇಪು ಹಿಡಿದು ಅಳೆದಳು.

"ಏನ್ರೀ, ಬನ್ನಿ ಇಲ್ಲಿ. ಎಷ್ಟಿದೆ ನೋಡಿ."

ಗಂಡ ಬಂದು ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. "ಇಷ್ಟು. ಎರಡು ಇಂಚು."

"ಈಗ ಅವಳ ತಲೆ ಅಳೀರಿ."

ಅಪ್ಪ ಅಳೆದರೆ ಪಾಪುವಿಗೆ ಅಭ್ಯಂತರವಿರಲಿಲ್ಲ. ತಲೆ ಬಗ್ಗಿಸಿ ನಿಂತಳು. ಅಪ್ಪ ಎರಡೂ ಅಳತೆಯನ್ನು ಪಕ್ಕ ಪಕ್ಕ ಹಿಡಿದು ತೋರಿಸಿದ. "ಅಮ್ಮನ ಬಾಯಿ ಇಷ್ಟೇ. ಪಾಪು ತಲೆ ನೋಡು, ಇಷ್ಟೊಂದು! ಹಿಡಿಸುತ್ತಾ?"

ಪಾಪು ಟೇಪು ನೋಡಿದಳು. ಇಂಚು ಗೊತ್ತಿಲ್ಲದಿದ್ದರೂ ಉದ್ದ ಗಿಡ್ಡ ಗೊತ್ತಿತ್ತು. ಹೊಲಿಗೆಯವಳ ಮನೆಯ ಮಗು.

"ತಲೆ ಹೋಗಲ್ಲ," ಎಂದು ಒಪ್ಪಿದಳು. ಸ್ವಲ್ಪ ಯೋಚಿಸಿ, "ಕೈ ಹೋಗುತ್ತೆ," ಎಂದಳು.

ಯಾರೂ ನಗಲಿಲ್ಲ. ಟೈಲರಮ್ಮ ಬಾಯಿಯನ್ನು ಮತ್ತೆ ಅಗಲವಾಗಿ ತೆರೆದು ಕೂತಳು.

ಪಾಪು ಒಂದು ಹೆಜ್ಜೆ ಇಟ್ಟಳು, ನಿಂತಳು, ಅಪ್ಪನನ್ನು ತಿರುಗಿ ನೋಡಿದಳು, ಇನ್ನೊಂದು ಹೆಜ್ಜೆ ಇಟ್ಟಳು. ಅದಲುಬದಲಾದ ಬೂಟುಗಳು ಒಂದಕ್ಕೊಂದು ತಗಲಿದವು. ಹತ್ತಿರ ಬಂದು, ಬಗ್ಗಿ, ಅಮ್ಮನ ಬಾಯಿಯ ಒಳಗೆ ಹಲ್ಲು, ನಾಲಿಗೆ, ಕಿರುನಾಲಿಗೆ ಎಲ್ಲ ಪರೀಕ್ಷೆ ಮಾಡಿದಳು. ಕೊನೆಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತನ್ನ ಕೈಯನ್ನು ಒಳಗೆ ಹಾಕಿದಳು.

ಮಣ್ಣಿನ ರುಚಿಯ, ಉಪ್ಪುಪ್ಪಾದ ಆ ಪುಟ್ಟ ಬೆರಳುಗಳು ನಾಲಿಗೆಯ ಮೇಲೆ ಕೂತವು. ಟೈಲರಮ್ಮನಿಗೆ ವಾಕರಿಕೆ ಬಂತು, ದವಡೆ ನೋಯಿತು, ಕಣ್ಣಿನ ನೀರು ಗಲ್ಲಕ್ಕೆ ಇಳಿಯಿತು. ತುಟಿ ಮಾತ್ರ ಅಲ್ಲಾಡಿಸಲಿಲ್ಲ. ಎಷ್ಟು ಹೊತ್ತಾದರೂ ಸರಿ, ಈ ಬಾಯಿ ಮುಚ್ಚುವುದಿಲ್ಲ ಎಂದು ಕೂತಳು.

ಪಾಪು ಒಂದು ಕಣ್ಣು ತೆರೆದಳು. ಕೈ ಹೊರಗೆ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೆರಳೆಲ್ಲ ಇದ್ದವು. ಅಮ್ಮನ ಭುಜಕ್ಕೇ ಕೈ ಒರೆಸಿದಳು.

"ಮತ್ತೆ ಅದು ಹೇಗೆ ಹೋಯ್ತು?" ಎಂದು ಹೊಟ್ಟೆ ತೋರಿಸಿದಳು.

"ಅದೇನಪ್ಪಾ ಅಂದ್ರೆ, ನಿಮ್ಮಮ್ಮ ಒಂದು ಬೀಜ..." ಎಂದು ಅತ್ತೆ ಶುರು ಮಾಡಿದರು.

"ಅಮ್ಮಾ, ನೀನು ಬಾಯಿ ಮುಚ್ಚು!" ಎಂದು ಮಗ ಮಗಳು ಒಟ್ಟಿಗೆ ಕೂಗಿದರು. ಅತ್ತೆ ಸೌಟು ಸಮೇತ ಒಳಗೆ ಹೋದರು.

ಆಗ ಮಾತು ಕಮ್ಮಿಯ ಆ ಡ್ರೈವರ್ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ: "ಅದು ಪಾಪು ಅಲ್ಲ ಕಣಮ್ಮ. ಪಾಪು ಅಂದ್ರೆ ನೀನೊಬ್ಬಳೇ. ಅದು ಪ್ಯಾಸೆಂಜರು. ಯಾರೂ ನುಂಗಿಲ್ಲ. ಒಳಗೇ ಸಣ್ಣದಾಗಿ ಹುಟ್ಟಿ, ಕೂತ್ಕೊಂಡು ಬೆಳೀತಿದೆ. ಸ್ಟಾಪ್ ಬಂದಾಗ ಇಳಿಯುತ್ತೆ. ನೀನೂ ಅಲ್ಲೇ ಕೂತಿದ್ದೆ, ಗೊತ್ತಾ?"

"ಪಾಪು ಇಳಿದ್ಲಾ?"

"ಇಳಿದೆಯಲ್ಲ! ಏನು ಗಲಾಟೆ ಮಾಡ್ಕೊಂಡು ಇಳಿದೆ! ಒಂದ್ಸಲ ಇಳಿದವರನ್ನ ಆ ಬಸ್ಸಲ್ಲಿ ಮತ್ತೆ ಹತ್ತಿಸಲ್ಲ. ಅಳ್ತಾ ಕೇಳಿದ್ರೂ ಹತ್ತಿಸಲ್ಲ."

ಪಾಪುವಿನ ಮುಖ ಅರಳಿತು. ಅಪ್ಪ ಬಸ್ಸಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಅವಳು ತಿರುಗಿ, ಬೆನ್ನು ಕೊಟ್ಟು, ಹಿಂದೆ ಹಿಂದೆ ಸರಿದು, ಅಮ್ಮನ ತೊಡೆಯ ಮೇಲೆ ದೊಪ್ಪನೆ ಕೂತಳು. ಮಡಿಲಲ್ಲಿ ಜಾಗವೇ ಉಳಿದಿರಲಿಲ್ಲ. ಜಾರಿದಳು, ಮತ್ತೆ ಹತ್ತಿದಳು. ಟೈಲರಮ್ಮ ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬೂಟು ಬಿಚ್ಚಿದಳು.

"ಸರಿ ಹೋಯ್ತು," ಎಂದಳು ನಾದಿನಿ ಸೊಂಟದ ಮೇಲೆ ಕೈಯಿಟ್ಟು. "ನಾನು ಎರಡು ಬಸ್ ಬದಲಾಯಿಸಿ ಬಂದಿದ್ದು ಬರೀ ಚೀಲ ನೋಡೋಕಾ?"

ಟೈಲರಮ್ಮ ಮಗಳ ನೆತ್ತಿಯ ಮೇಲಿಂದ ತಲೆ ಎತ್ತಿದಳು. ಕೆಲವು ದಿನಗಳಿಂದ ಹೇಳಲಾಗದ ಮಾತು ಈಗ ಸಲೀಸಾಗಿ ಬಂತು.

"ಅಕ್ಕಾ, ಇವಳನ್ನ ಎಲ್ಲಿಗೂ ಕಳಿಸಲ್ಲ. ನಾನು ಆಸ್ಪತ್ರೆಗೆ ಹೋದಾಗ ನೀವೇ ಬಂದು ಇಲ್ಲಿರಿ. ಬೇಕರಿಗೆ ರಜೆ ಹಾಕಿ. ನಿಮಗೆ ಎರಡು ಹೊಸ ಡ್ರೆಸ್ ಹೊಲಿದು ಕೊಡ್ತೀನಿ."

"ಮೂರು," ಎಂದಳು ನಾದಿನಿ. "ಜೇಬು ಇರಬೇಕು. ನಿನ್ನ ಗಂಡನ್ನ ಸಾಕಿದ್ದಕ್ಕೆ ಒಂದು ಜಾಸ್ತಿ."

ಊಟ ಮಾಡಿ, ತಾಯಿಗೆ ಇನ್ನೂ ನಾಲ್ಕು ಮಾತು ಅಂದು, ನಾದಿನಿ ಬರಿಗೈಯಲ್ಲಿ ಹೊರಟಳು. ಡ್ರೈವರ್ ಅವಳನ್ನು ಸ್ಟಾಪಿನ ತನಕ ಬಿಡಲು ಹೋದ. ಅತ್ತೆ ಚೀಲದಿಂದ ಪಾಪುವಿನ ಅಂಗಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗೂಡಿನಲ್ಲಿ ಜೋಡಿಸಿದರು.

ಟೈಲರಮ್ಮ ನೆಲದಿಂದ ಏಳಲಿಲ್ಲ. ಮೇಜಿನ ಮೇಲೆ ಯೂನಿಫಾರಂ ಕಾಯುತ್ತಿತ್ತು, ಕಾಯಲಿ. ಮಡಿಲಲ್ಲಿದ್ದವಳ ಬೆನ್ನಿಗೆ ಒಳಗಿನಿಂದ ಒಂದು ಒದೆ ಬಿತ್ತು. ಪಾಪು ಬೆಚ್ಚಿ ತಿರುಗಿದಳು. ಸಿಟ್ಟಿನಿಂದ ಹೊಟ್ಟೆಯನ್ನು ನೋಡಿ, ಅಪ್ಪನ ಬಸ್ಸಿನ ಕಂಡಕ್ಟರನ ಹಾಗೆ ಅದರ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ, ಬಾಯಿ ಹತ್ತಿರ ತಂದು ಕೂಗಿದಳು:

"ಯಾರ್ರೀ ಇಳಿಯೋದು? ಬೇಗ ಬೇಗ!"

"ಇಲ್ಲ ಕಣೇ, ಇನ್ನೂ ಸ್ಟಾಪ್ ಬಂದಿಲ್ಲ," ಎಂದಳು ಟೈಲರಮ್ಮ.

"ಹಾಗಾದ್ರೆ ಸುಮ್ನೆ ಕೂತ್ಕೊಳ್ಳಿ!" ಎಂದು ಪಾಪು ಒಳಗಿನ ಪ್ಯಾಸೆಂಜರಿಗೆ ಗದರಿದಳು. ಗದರಿ, ಅದೇ ಹೊಟ್ಟೆಗೆ ತಲೆ ಒರಗಿಸಿಕೊಂಡಳು.