ಮೊದಲು ನೀರು

ಬೀದರಿನ ಗಾಂಧಿ ಗಂಜ ಪೇಟೆಯಲ್ಲಿ ಅಪ್ಪ ಹಾಕಿದ ಬೇಳೆಕಾಳಿನ ಅಂಗಡಿಯನ್ನು ಈಗ ಮಗಳಾದ ನಾನು ನಡೆಸುತ್ತೇನೆ. ಔರಾದ್, ಭಾಲ್ಕಿ ಕಡೆಯಿಂದ ಬಿಸಿಲಲ್ಲಿ ಬಂದವರಿಗೆ ನಮ್ಮಲ್ಲಿ ಮೊದಲು ನೀರು, ಆಮೇಲೆ ದರದ ಮಾತು. ನೀರು ಕೊಡುವುದು ನನ್ನ ಎಂಟು ವರ್ಷದ ಮಗಳ ಪಾಲಿನದು.

ಹೋದ ರಜೆಯಲ್ಲಿ ಇಂಗ್ಲೆಂಡಿಗೆ, ನನ್ನ ಅಣ್ಣನ ಕಿರಾಣಿ ಅಂಗಡಿಗೆ ಹೋದಾಗಲೂ ಅವಳು ಸುಮ್ಮನಿರಲಿಲ್ಲ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದ ಹೆಂಗಸೊಬ್ಬಳ ಮುಂದೆ ನೀರಿನ ಲೋಟ ಹಿಡಿದು ನಿಂತಳು. ಅಣ್ಣ ಗಾಬರಿಯಾಗಿ ಲೋಟ ಕಸಿದುಕೊಂಡ.

"ತಿರುಗಾಡ್ಲಿಕ್ಕ ಬಂದವರು ಇಲ್ಲಿ ಅಂಗಡಿ ಕೆಲಸಕ್ಕ ಕೈ ಹಚ್ಚಂಗಿಲ್ಲ. ಪುಕ್ಕಟೆ ಮಾಡಿದ್ರೂ ತಪ್ಪು. ವೀಸಾದ ಕಾಯ್ದೆ ಹಾಂಗದ."

ನನಗೆ ಸಿಟ್ಟು ನೆತ್ತಿಗೇರಿತು. "ನೀರು ಕೊಡೋದು ಯಾವಾಗಿಂದ ಕೆಲಸ ಆಯ್ತಣ್ಣಾ? ನೀ ಗಂಜದಾಗ ಬೆಳದಾವ ಅಲ್ಲೇನು?"

ಅಣ್ಣ ಜಗ್ಗಲಿಲ್ಲ. ಮಗಳು ಅಳಲೂ ಇಲ್ಲ. ಮರುದಿನ ಕೋಟು ಹಾಕಿಕೊಂಡು ಹೊರಗೆ ಹೋದವಳು, ಬಾಗಿಲು ತಳ್ಳಿ ಗತ್ತಿನಿಂದ ಒಳಗೆ ಬಂದಳು. ಕೌಂಟರಿನ ಈಚೆ ನಿಂತು, "ಮಾಮಾ, ನಾ ಗಿರಾಕಿ ಬಂದೀನ್ರಿ. ಮೊದಲ ನೀರು ಕೊಡ್ರಿ" ಎಂದಳು.

ಅಣ್ಣ ನಕ್ಕು ಕೊಟ್ಟ. ಅವಳ ಹಿಂದೆ ನಿಂತಿದ್ದ ಮುದುಕನೂ ಕೈ ಚಾಚಿದ. ಅವನಿಗೂ ಕೊಡಲೇಬೇಕಾಯಿತು.

ನಾವು ಊರಿಗೆ ಹೊರಡುವ ಹೊತ್ತಿಗೆ ಕೌಂಟರಿನ ಮೇಲೆ ನೀರಿನ ಹೂಜಿ ಬಂದು ಕೂತಿತ್ತು. ಒಳಗೆ ಬಂದವರಿಗೆಲ್ಲ ಅಣ್ಣ ತಾನೇ ಬಗ್ಗಿಸಿ ಕೊಡುತ್ತಿದ್ದ. ನನ್ನ ಮಗಳು ಕಾಯ್ದೆ ಪ್ರಕಾರ ಯಾವುದಕ್ಕೂ ಕೈ ಹಚ್ಚದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗಂಜದ ಸಾವ್ಕಾರನ ಹಾಗೆ ನೋಡುತ್ತ ನಿಂತಿದ್ದಳು.