ಚೈನಾಟೌನಿನ ಕಹಿ ಕಷಾಯ

ಎಂಬತ್ತರ ದಶಕದ ಆ ದಿನಗಳಲ್ಲಿ ಸ್ಯಾನ್ ಹೊಸೆಯ ನಮ್ಮಂಥವರಿಗೆ ಹೀರೇಕಾಯಿ, ಹಾಗಲಕಾಯಿ ಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನೇ ಗತಿ. ಶನಿವಾರ ಅಪ್ಪ ಪಾರ್ಕಿಂಗಿಗಾಗಿ ಬೀದಿ ಬೀದಿ ಸುತ್ತುತ್ತಿದ್ದರೆ ನಾವು ಹೆಂಗಸರು ತರಕಾರಿ ಆರಿಸುತ್ತಿದ್ದೆವು. ಎಂಟು ವರ್ಷದ ನಾನೂ ಹೆಂಗಸರ ಲೆಕ್ಕದಲ್ಲೇ ಇದ್ದೆ.

ಆ ಬೇಸಿಗೆಗೆ ಧಾರವಾಡದಿಂದ ಅಪ್ಪನ ತಾಯಿ, ನನ್ನ ಅಜ್ಜಿ, ಬಂದಿದ್ದಳು. ಒಂದು ಶನಿವಾರ ಅಮ್ಮನ ಬಾಯಿತುಂಬ ಹುಣ್ಣು. ತರಕಾರಿ ಅಂಗಡಿಯ ಪಕ್ಕದಲ್ಲೊಂದು ಹಳೆಯ ಕಷಾಯದ ಅಂಗಡಿಯಿತ್ತು. ದೊಡ್ಡ ಹಿತ್ತಾಳೆಯ ಹಂಡೆ, ಮುಚ್ಚಿಟ್ಟ ಬಟ್ಟಲುಗಳು, ಜ್ಯೇಷ್ಠಮಧುವಿನ ವಾಸನೆ. ಅಜ್ಜಿಗೆ ತವರಿಗೆ ಬಂದಷ್ಟು ಖುಷಿ.

“ಉಷ್ಣ ಆಗೇದ, ತಂಪಿಂದು ಕೊಡು ಅಂತ ಹೇಳು,” ಎಂದು ನನ್ನನ್ನು ಮುಂದೆ ತಳ್ಳಿದಳು.

ಉಷ್ಣ, ತಂಪು ಎಂಬುದನ್ನು ಅಂಗಡಿಯ ಮುದುಕನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಮ್ಮನ ನಾಲಿಗೆ ನೋಡಿ ಕಪ್ಪು ಕಷಾಯ ಬಗ್ಗಿಸಿದ. ಕೊಡುವ ಮೊದಲು ತನ್ನ ಹೊಟ್ಟೆ ಮುಟ್ಟಿಕೊಂಡು ಕೇಳಿದ: “ಬೇಬಿ?”

ಅಮ್ಮ ಬಸುರಿಯೆಂಬುದನ್ನು ನಾನು ಕದ್ದು ಕೇಳಿಸಿಕೊಂಡಿದ್ದೆ. ಮೂರು ತಿಂಗಳು ತುಂಬುವವರೆಗೆ ಹೊರಗಿನವರ ಮುಂದೆ ಬಾಯಿ ಬಿಡಬಾರದೆಂಬುದು ನಮ್ಮ ಮನೆಯ ಪದ್ಧತಿ.

“ಇಲ್ಲ ಅಂತ ಹೇಳವಾ. ದೃಷ್ಟಿ ಆಗ್ತದ,” ಅಜ್ಜಿ ಪಿಸುಗುಟ್ಟಿದಳು. ತಂಪು ಅಂದಮೇಲೆ ಬಸುರಿಗೇನು ತೊಂದರೆ ಎಂಬುದು ಅವಳ ಲೆಕ್ಕ.

ಅತ್ತೆಯ ಮಾತು ಮೀರಿ ಅಮ್ಮನಿಗೆ ಅಭ್ಯಾಸವಿರಲಿಲ್ಲ. ಇಲ್ಲವೆಂದು ತಲೆಯಾಡಿಸಿ ಬಟ್ಟಲು ತೆಗೆದುಕೊಂಡಳು. ಮುದುಕ ಮತ್ತೆ ಕೇಳಿದ, ಈ ಸಲ ನನ್ನನ್ನು ನೋಡಿ. ಅಜ್ಜಿ ನನ್ನ ರಟ್ಟೆ ಹಿಂಡಿದಳು. ಬಟ್ಟಲು ಅಮ್ಮನ ತುಟಿಗೆ ತಾಗುವುದರಲ್ಲಿತ್ತು.

“ಯೆಸ್! ಬೇಬಿ!” ಕಿರುಚಿಬಿಟ್ಟೆ.

ಮುದುಕ ಕೌಂಟರಿನ ಮೇಲಿಂದ ಬಾಗಿ ಬಟ್ಟಲು ಕಿತ್ತುಕೊಂಡ. ಕಷಾಯ ಅಮ್ಮನ ಸೀರೆಯ ಮೇಲೆಲ್ಲ ಚೆಲ್ಲಿತು. ಹರಕು ಇಂಗ್ಲಿಷಿನಲ್ಲಿ ಬೈದ: ಇದು ಬಸುರಿಯರಿಗೆ ಆಗದ ಬೇರು. ಈ ಊರಿನ ಡಾಕ್ಟರುಗಳು ಚೀನೀ ಕೂಲಿಗಳನ್ನು ಮುಟ್ಟದಿದ್ದ ಕಾಲದಲ್ಲಿ ತನ್ನ ತಾತ ತೆರೆದ ಅಂಗಡಿಯಿದು. ಅಂದಿನಿಂದಲೂ ಕೇಳದೆ ಯಾರ ಕೈಗೂ ಬಟ್ಟಲು ಕೊಟ್ಟಿಲ್ಲ.

ಮನೆಗೆ ಬಂದವಳೇ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಸ್ಮೋಕ್ ಅಲಾರಂ ಇಡೀ ಅಪಾರ್ಟ್‌ಮೆಂಟಿಗೆ ಕೇಳುವಂತೆ ಬಡಿದುಕೊಂಡಿತು.

“ಇನ್ನ ಏನರ ಆದ್ರ, ನಿನ್ನ ಬಾಯಿಂದನ ಆತು ಅಂತ ತಿಳಕೋ.”

ಆ ಮಾತು ತಿಂಗಳುಗಟ್ಟಲೆ ನನ್ನನ್ನು ತಿಂದುಹಾಕಿತು. ಅಮ್ಮ ಬಾತ್‌ರೂಮಿಗೆ ಹೋದರೂ ಬಾಗಿಲ ಹೊರಗೆ ನಿಂತು ಕಾಯುತ್ತಿದ್ದೆ. ಕೊನೆಗೆ ತಂಗಿ ಹುಟ್ಟಿದಳು. ಅಜ್ಜಿಯೇ ಅವಳನ್ನು ತಂದು ನನ್ನ ಮಡಿಲಿಗೆ ಹಾಕಿ, “ಹಿಡಕೋ,” ಎಂದಳು.

ಅಜ್ಜಿ ಈಗಿಲ್ಲ, ಆ ಮುದುಕನೂ ಇಲ್ಲ. ತಂಗಿ ಬಸುರಿಯಾಗಿದ್ದಾಗ ಒಮ್ಮೆ ಇಬ್ಬರೂ ಆ ಬೀದಿಗೆ ಹೋಗಿದ್ದೆವು. ಹಂಡೆಯ ಜಾಗದಲ್ಲಿ ಫ್ರಿಜ್ಜು, ಅದರ ತುಂಬ ಕಷಾಯದ ಬಾಟಲಿಗಳು. ಅವಳು ಒಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು. ತುಂಬಿದ ಹೊಟ್ಟೆ ಕಣ್ಣೆದುರಿಗೇ ಇತ್ತು. ಕೌಂಟರಿನಲ್ಲಿದ್ದಾತ ತಲೆಯೆತ್ತದೆ, ಚೀಲ ಬೇಕೇ ಎಂದಷ್ಟೇ ಕೇಳಿದ. ಬೈಯುವವರೇ ಇಲ್ಲದ ಆ ಅಂಗಡಿಯಲ್ಲಿ ಬಾಟಲಿಯನ್ನು ನಾನೇ ಕಿತ್ತುಕೊಳ್ಳಬೇಕಾಯಿತು.